ಆಖೈರು ಶಿಲ್ಕು

ಮಾರ್ಚ್ ಮೂವತ್ತೊಂದು, ಸಂಜೆ ಆರು.
ಸ್ಟೋರ್ಸಿನ ಫ್ಯಾನು ಎರಡನೇ ನಂಬರಿಗೆ ಅಂಟಿಕೊಂಡು ವರ್ಷವಾಯಿತು.
ಕುಕ್ಕರಹಳ್ಳಿ ಕೆರೆಯ ಕಡೆಯಿಂದ ನೀರುಕಾಗೆಗಳ ಕಮಟು ಗಾಳಿ.
ದಾಸ್ತಾನು ಪುಸ್ತಕದ ಕೊನೆಯ ಪುಟಕ್ಕೆ
ನಾನೀಗ ಕೆಂಪು ಗೆರೆ ಎಳೆಯಬೇಕು.

ಕೇಳಿದ್ದು ನಲವತ್ತು ಲಕ್ಷ.
ಬಂದದ್ದು ಒಂಬತ್ತು, ಅದೂ ಎರಡು ಕಂತು.
ಎರಡನೆಯದು ಬಂದದ್ದು ನಿನ್ನೆ ಮಧ್ಯಾಹ್ನ:
ನಾಳೆಯೊಳಗೆ ಖರ್ಚು ಮಾಡಿ, ಇಲ್ಲವೇ ಹಿಂದಿರುಗಿಸಿ.
ಹಸಿದವನಿಗೆ ಎಲೆ ಹಾಕಿ ಬಡಿಸಿ
ತುತ್ತು ಬಾಯಿಗಿಡುವ ಮುಂಚೆ ಎಲೆ ಎತ್ತುವ
ಈ ಔದಾರ್ಯಕ್ಕೆ ನಮ್ಮಲ್ಲಿ ಯಾವ ಬಾಬತ್ತೂ ಇಲ್ಲ.

ಗಾಜು ಊದುತ್ತಿದ್ದ ಸಿದ್ದಪ್ಪಾಜಿ ನಿವೃತ್ತನಾದ.
ಹುದ್ದೆ ತುಂಬಲಿಲ್ಲ, ಕೋಣೆಗೆ ಬೀಗ ಬಿತ್ತು.
ಆದರೂ ಗುರುವಾರ ಗುರುವಾರ ಬರುತ್ತಾನೆ,
ಪಡುವಾರಹಳ್ಳಿಯಿಂದ ನಡೆದು,
ಅಂಗಿ ಜೇಬಿನಲ್ಲಿ ತನ್ನದೇ ಕಪ್ಪು ಕನ್ನಡಕ.
ಒಡೆದ ಕಂಡೆನ್ಸರಿನ ಕತ್ತನ್ನು ಉರಿಗೆ ಹಿಡಿದು
ಮೊಮ್ಮಗುವಿಗೆ ಹಾಲು ಆರಿಸುವವನ ಹಾಗೆ ಊದುತ್ತಾನೆ.
ಕೂಲಿ ಒಂದು ಸೆಟ್ ದೋಸೆ.
ಅದಕ್ಕೂ ತಾನೇ ದುಡ್ಡು ಕೊಡುತ್ತೇನೆಂದು ಜಗಳ.
ಪುಸ್ತಕದಲ್ಲಿ ಏನೆಂದು ಬರೆದುಕೊಳ್ಳಲಿ?
ಉಸಿರು, ಅಂದಾಜು ಇಷ್ಟು ಲೀಟರು?

ಸೆಂಟ್ರಿಫ್ಯೂಜಿಗೆ ಮಂಡಿ ಮೊಹಲ್ಲಾದ ಗ್ರೈಂಡರ್ ಮೋಟಾರು.
ಶುರುವಾದರೆ ಮೇಜೇ ಕುಣಿಯುತ್ತದೆ,
ಸಂಶೋಧಕನೊಬ್ಬ ಅದರ ಕಾಲು ತುಳಿದು ನಿಂತು
ಹತ್ತು ನಿಮಿಷ ಎಣಿಸಬೇಕು.
ಇರುವ ಒಂದೇ ಸ್ಪೆಕ್ಟ್ರೋಮೀಟರಿಗೆ ಮೂರು ಪಾಳಿ,
ಹೆರಿಗೆ ಆಸ್ಪತ್ರೆಯ ಹಾಗೆ.
ರಾತ್ರಿ ಪಾಳಿ ನಮಗೂ ಬೇಕೆಂದು
ವಾರ್ಡನ್ ಜೊತೆ ಒಂದು ತಿಂಗಳು ವಾದಿಸಿ ಗೆದ್ದವಳು
ಕ್ಯಾತಮಾರನಹಳ್ಳಿಯ ಉಮ್ಮೆ ಹಬೀಬ.

ಜವರಪ್ಪನವರನ್ನು 'ಅತಿಥಿ' ಎಂದು ಕರೆದು
ಹದಿನಾಲ್ಕು ವರ್ಷ ಇಟ್ಟುಕೊಂಡಿದ್ದೇವೆ.
ಪಾಂಡವಪುರದಿಂದ ಬೆಳಗಿನ ಪ್ಯಾಸೆಂಜರು, ಆಮೇಲೆ ಸಿಟಿ ಬಸ್ಸು,
ಬ್ಯಾಗಿನಲ್ಲಿ ಸ್ವಂತ ದುಡ್ಡಿನ ಸೀಮೆಸುಣ್ಣ.
ಯಾವ ಮನೆಯ ಅತಿಥಿ, ಹೇಳಿ,
ಐದು ತಿಂಗಳಿಗೊಮ್ಮೆ ಉಣ್ಣುತ್ತಾನೆ?
ಅವರ ತರಗತಿಯಲ್ಲಿ ಮೂವತ್ತು ಇದ್ದದ್ದು ಎಪ್ಪತ್ತೊಂದಾಯಿತು.
ಬೆಂಚು ಸಾಲದೆ ಹುಡುಗರು ಕಿಟಕಿ ಕಟ್ಟೆಯ ಮೇಲೆ,
ಹಾಜರಿ ಕೂಗಿದರೆ
ಹೊರಗಿನ ಹೊಂಗೆ ಮರವೇ 'ಸಾರ್' ಎಂದಂತಾಗುತ್ತದೆ.

ಹಾಗೆ ಕಿಟಕಿಯಲ್ಲಿ ಕೂತು ಕಲಿತವಳೇ ಹಬೀಬ.
ಕಬ್ಬಿನ ಕೆಂಪುಕೊಳೆಯನ್ನು
ಪೈರು ಒಣಗುವ ಮೊದಲೇ ಹಿಡಿದು ತೋರಿಸುವ ಕಾಗದದ ಪಟ್ಟಿ,
ಬೆರಳಿನಗಲ, ಒಂದಕ್ಕೆ ಎರಡೂವರೆ ರೂಪಾಯಿ.
ಮದ್ದೂರಿನ ಗದ್ದೆಯಲ್ಲಿ ಅದು ನೀಲಿಗೆ ತಿರುಗಿದ ದಿನ
ಫೋನಿನಲ್ಲಿ ಅವಳು ಮಾತಾಡಲಿಲ್ಲ,
ಬರೀ ಉಸಿರಾಡಿದಳು.
ಪ್ರಬಂಧ ಹೊರದೇಶದಲ್ಲಿ ಅಚ್ಚಾಯಿತು.
ಕೊನೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಕೃತಜ್ಞತೆ:
ಅಲ್ಲಿ ಸಿದ್ದಪ್ಪಾಜಿಯ ಹೆಸರು.
ಅವನು ಹೆಬ್ಬೆರಳಿಟ್ಟು ಓದಿ, ಕನ್ನಡಕ ತೆಗೆದು,
'ಇನಿಶಿಯಲ್ ತಪ್ಪಾಗಿದೆ' ಅಂದ.

ಮೊನ್ನೆ ಸಭಾಂಗಣದಲ್ಲಿ ಭಾಷಣ,
ಕಡಿಮೆ ಹಣದಲ್ಲಿ ಹೆಚ್ಚು ಸಾಧನೆ ಎಂದು.
ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ,
ಆಮೇಲೆ ಅಂಗೈ ನೋಡಿಕೊಂಡೆ.
ಒಂಬತ್ತರಲ್ಲೇ ನಡೆಯಿತಲ್ಲ,
ಮುಂದಿನ ಸಾಲಿಗೆ ಏಳು ಸಾಕು ಎಂದು
ಎಲ್ಲೋ ಒಂದು ಪೆನ್ನು ಆಗಲೇ ಬರೆಯುತ್ತಿರಬಹುದು.
ನಮ್ಮ ಜಾಣತನವೇ ನಮ್ಮ ಮೇಲಿನ ಸಾಕ್ಷಿಯಾಗಿ ನಿಲ್ಲಬಹುದು.

ಆರೂವರೆ. ಗೆರೆ ಎಳೆದೆ.
ಆಖೈರು ಶಿಲ್ಕು: ಬೀಕರು ಹನ್ನೊಂದು, ಬೆಸೆದವು ಸೇರಿ.
ನಗದು: ಸೊನ್ನೆ.
ಆಡಿಟಿನವರು ಕೇಳಿದರೆ ಲೆಕ್ಕ ಸರಿಯಿದೆ.

ಇಳಿದು ಬರುವಾಗ
ಹಬೀಬ ಎದುರಾದಳು, ಕೈಯಲ್ಲಿ ಊಟದ ಡಬ್ಬಿ, ರಾತ್ರಿ ಪಾಳಿ.
ಸ್ಟೋರ್ಸಿನ ಕೀಲಿಯನ್ನು ಅವಳಿಗೇ ಕೊಟ್ಟುಬಿಟ್ಟೆ.
ನಿಯಮಕ್ಕೆ ವಿರುದ್ಧ. ಮೂವತ್ತು ವರ್ಷದಲ್ಲಿ ಮೊದಲ ಸಲ.
'ಏನಾದರೂ ಒಡೆದರೆ ಸಾರ್?' ಅಂದಳು.
ಒಡೆಯಲಿ ಬಿಡಮ್ಮ.
ನಾಳೆ ಗುರುವಾರ.