ದುಭಾಷಿ

ರಾತ್ರಿ ನಿದ್ದೆ ಬರುತ್ತದಾ, ಉಪ್ಸಾಲಾದ ವೈದ್ಯೆ ಕೇಳಿದಳು.
ತಮ್ಮ ಬೋತಾನ್ ನನ್ನ ಕಿವಿಗೆ ಬಾಯಿಟ್ಟ:
ಶೂ ಬಿಚ್ಚಿ ಮಲಗಿದರೆ ಓಡೋದು ಹೇಗಕ್ಕಾ?
‘ಬರುತ್ತದೆ’ ಅಂದೆ, ಸ್ವೀಡಿಷಿನಲ್ಲಿ.

ಹಿಮ ಬಳಿಯುವ ಗಾಡಿ ಬೀದಿಗೆ ಬಂದರೆ
ಇವನು ಮಂಚದಡಿ.
ಅಲ್ಲಿ ಕೊಬಾನಿಯಲ್ಲಿ ಅತ್ತೆಮಗಳು ಬೇರಿವಾನ್,
ಹನ್ನೊಂದು ತುಂಬಿದೆ,
ಡ್ರೋನ್ ಗುಂಯ್‌ಗುಟ್ಟಿದ ರಾತ್ರಿ ಹಾಸಿಗೆ ಒದ್ದೆ.
ನೆರೆಯವರು ಏಳುವ ಮೊದಲೇ
ಅಜ್ಜಿ ಒಗೆದು ಹರವುತ್ತಾಳಂತೆ.
ನೆರೆಯವರ ಹಗ್ಗದ ಮೇಲೂ
ಆಗಲೇ ಒಂದು ದುಪ್ಪಟಿ.

ಮನೆಯ ಚಿತ್ರ ಬರಿ, ಅಂದಳು ವೈದ್ಯೆ.
ಬರೆದ: ನೆಲಮಾಳಿಗೆ, ಏಳು ಜನ, ಒಂದು ಕೋಳಿ.
ಕೋಳಿಗೇಕೆ ಕೊಕ್ಕಿಲ್ಲ?

ಮೇಲೆ ಬೂಟುಗಳು ನಡೆದಾಡುವಷ್ಟು ಹೊತ್ತೂ
ಅದನ್ನು ಒತ್ತಿ ಹಿಡಿದಿದ್ದ ನನ್ನ ಕೈಯನ್ನೇ
ನೋಡಿದ ಬೋತಾನ್.
ಏನೋ ಹೇಳಿದ.

‘ಮರೆತನಂತೆ’ ಅಂದೆ.