ಮರಳಿ ಬಂದ ಮಾತು

ಚಿಲೊಯೆ ದ್ವೀಪದ ಕಾಸ್ತ್ರೊ ಎಕ್ಸ್‌ಚೇಂಜಿಗೆ
ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು ಎದುವಿಹಿಸ್ ಬರ್ರೀಯ,
ಒದ್ದೆ ಉಣ್ಣೆಯ ಶಾಲು, ಕಂಕುಳಲ್ಲಿ ಆಲೂಗಡ್ಡೆ ಚೀಲ.
"ತಂಗಿಗೆ ಫೋನು ಮಾಡಿದರೆ ಯಾರೋ ನನ್ನನ್ನು ಅಣಕಿಸುತ್ತಾರೆ.
ನಾನು 'ಒತೀಲಿಯಾ' ಅಂದರೆ
ಅರ್ಧ ಉಸಿರು ಬಿಟ್ಟು 'ಒತೀಲಿಯಾ' ಅನ್ನುತ್ತಾರೆ.
ನನ್ನದೇ ದನಿ. ಬಾವಿಯೊಳಗಿಂದ."

ಮೀಟರು ಹಿಡಿದು ಅವಳ ಹಿಂದೆ ಹೋದೆ,
ಕಡಲಲ್ಲಿ ಕಾಲೂರಿ ನಿಂತ ಮರದ ಮನೆಗೆ.
ಡಬ್ಬಿ ಬಿಚ್ಚಿದೆ. ತಾಮ್ರ ಹಸಿರುಗಟ್ಟಿಲ್ಲ,
ಜಾಯಿಂಟಿನಲ್ಲಿ ಉಪ್ಪುನೀರಿಲ್ಲ,
ಲೈನು ತೊಳೆದಿಟ್ಟ ಬಟ್ಟಲಿನ ಹಾಗೆ.

ಇಪ್ಪತ್ತೆರಡು ವರ್ಷದಿಂದ
ಪ್ರತಿ ಸಲ ಮರೆತು ಪ್ರತಿ ಸಲ ಕಲಿಯುತ್ತೇನೆ:
ಪ್ರತಿಧ್ವನಿ ಕೇಳುವ ಮನೆಯಲ್ಲಿ ದೋಷವಿರುವುದಿಲ್ಲ.
ದೋಷವಿರುವ ಮನೆಗೆ ಅದು ಕೇಳುವುದೇ ಇಲ್ಲ.

ಹೇಗೆ ಹೇಳಲಿ ಇವಳಿಗೆ?
ಮನೆಯಿಂದ ಹೊರಡುವುದು ಎರಡೇ ತಂತಿ, ಅಮ್ಮಾ,
ಹೋಗುವುದಕ್ಕೂ ಬರುವುದಕ್ಕೂ ಒಂದೇ ಓಣಿ.
ದೂರದ ದಾರಿಗೆ ಅದು ನಾಲ್ಕಾಗಬೇಕು.
ಕವಲಿನಲ್ಲಿ ಒಂದು ಸುರುಳಿ ಕೂತು
ಬಂದ ಮಾತನ್ನು ಮನೆಯೊಳಕ್ಕೆ ಬಿಡುತ್ತದೆ,
ಹೊರಟ ದಾರಿಗೆ ಹಾಯಗೊಡುವುದಿಲ್ಲ.
ಅದಕ್ಕೆ ತಂತಿಯ ತದ್ರೂಪು ಬೇಕು:
ಒಂದು ರೆಸಿಸ್ಟರು, ಒಂದು ಕೆಪ್ಯಾಸಿಟರು,
ಬೆರಳುದ್ದದಲ್ಲಿ ನಿಮ್ಮ ತಂಗಿಯ ಇಡೀ ಬೀದಿ.
ತದ್ರೂಪು ತಪ್ಪಿತೋ, ನಿಮ್ಮ ದನಿಯಲ್ಲೇ ಒಂದು ಚಿಟಿಕೆ ಸೋರಿ,
ಉಪಗ್ರಹ ಹತ್ತಿ, ನಿಮ್ಮ ಕಿವಿಗೇ ಇಳಿಯುತ್ತದೆ.

"ಅಂದರೆ ತಪ್ಪು ಅವಳದೇ," ಅಂದಳು. "ನನಗೆ ಗೊತ್ತಿತ್ತು."

ರಿಯೊ ಗಾಯೆಗೋಸಿಗೆ ಟೆಲೆಕ್ಸ್ ಕಳಿಸಿದೆ.
ಒಂಬತ್ತನೇ ದಿನ ಉತ್ತರ:
ಮುಚ್ಚಿಹೋದ ಕಟುಕನಂಗಡಿಗೆ ಇನ್ನೂ ಜೋತುಬಿದ್ದ ಕವಲು ತಂತಿ,
ಮುಕ್ಕಾಲು ಕಿಲೋಮೀಟರು, ತುದಿಯಲ್ಲಿ ಯಾರೂ ಇಲ್ಲ.
ಕತ್ತರಿಸಿದ್ದೇವೆ.

ಮತ್ತೆ ಬಂದಳು. ಈ ಸಲ ದೂರಿನ ಚೀಟಿ ಕೇಳಲಿಲ್ಲ.
"ಕೆಟ್ಟ ಮಾತು ಬಾಯಿಂದ ಜಾರಿದಾಗೆಲ್ಲ
ಮೊದಲು ನನಗೇ ಬಂದು ಬಡಿಯುತ್ತಿತ್ತು,
ಅರ್ಧಕ್ಕೇ ನಿಲ್ಲಿಸುತ್ತಿದ್ದೆ.
ನಿನ್ನೆ ಅಪ್ಪನ ದೋಣಿಯ ವಿಷಯ ಬಂತು.
ಒಂದೂ ಮರಳಲಿಲ್ಲ. ಎಲ್ಲ ಅವಳಿಗೇ ತಾಗಿತು."

ಆಡಿದ ಮಾತು, ಒಡೆದ ಮುತ್ತು.
ಆಡಿದ್ದು ಮರಳದ ಹಾಗೆ ನೋಡಿಕೊಳ್ಳುವುದಕ್ಕೇ
ನನಗೆ ಸಂಬಳ.

ಚೀಲ ಮೇಜಿನ ಮೇಲಿಟ್ಟಳು.
ನೇರಳೆ ಸಿಪ್ಪೆಯ ಆಲೂಗಡ್ಡೆ, ಮಣ್ಣು ಇನ್ನೂ ಒದ್ದೆ.
ದನಿ ತಗ್ಗಿಸಿ ಕೇಳಿದಳು:
"ಆ ತುಂಡು ತಂತಿ,
ಎಸೆದುಬಿಟ್ಟರೇನು?"