ಒಳಹೊಲಿಗೆ

ಸುಗಂಧಿಯಕ್ಕನ ರವಿಕೆಗೆ ಎರಡಿಂಚು
ಒಳಗೇ ಬಿಟ್ಟಿರುತ್ತೇನೆ ಯಾವಾಗಲೂ.
ಮೊದಲ ಬಾಣಂತನಕ್ಕೆ ಒಂದು ಹೊಲಿಗೆ ಬಿಚ್ಚಿದೆ,
ಥೈರಾಯ್ಡಿನ ವರ್ಷ ಇನ್ನೊಂದು.
ಉಳಿದದ್ದು ಬೀಡಿ:
ಬೆಳಗಿನಿಂದ ದೀಪ ಹಚ್ಚುವ ತನಕ ಗೆರಸೆ ತೊಡೆಯ ಮೇಲೆ,
ಬೆರಳಷ್ಟೇ ಓಡುವುದು, ಸೊಂಟ ಕೂತಲ್ಲೇ,
ಪಕ್ಕದಲ್ಲಿ ಸಕ್ಕರೆ ಚಾ, ಗೋಳಿಬಜೆ.

“ತಿನ್ನುವುದು ಕಡಿಮೆ ಮಾಡಿ” ಅಂದವರೆಲ್ಲ
ಸಾವಿರ ಬೀಡಿಯ ಲೆಕ್ಕ ಕೇಳಿದವರಲ್ಲ.
ವೆನ್ಲಾಕಿನ ಹುಡುಗಿ ಡಾಕ್ಟರು ಮಾತ್ರ ಕೇಳಿದಳಂತೆ:
“ಬ್ರಾಂಚಿಗೆ ಎಷ್ಟು ದೂರ? ಬಸ್ಸಿನಲ್ಲೋ?”

ಈಗ ಕುಲಶೇಖರದ ಏರು ನಡೆದೇ ಹತ್ತುತ್ತಾಳೆ.
ನೂರು ಬೀಡಿಗೊಮ್ಮೆ ಎದ್ದು ಬಾವಿಕಟ್ಟೆಗೆ ಸುತ್ತು.
ಗಂಜಿ ಒಂದು ಸೌಟು ಕಡಿಮೆ, ಬಸಳೆ ಹೆಚ್ಚು,
ಚಾಕ್ಕೆ ಸಕ್ಕರೆ ಇಲ್ಲ,
“ಕಷಾಯ ಕುಡಿದ ಹಾಗೆ ಮಾರಾಯ್ತಿ!”

ಮೊನ್ನೆ ಬಂದು ಮೆಷಿನ್ನಿನ ಮೇಲೆ ರವಿಕೆ ಇಟ್ಟಳು:
“ಒಂದು ಬೆರಳು ಹಿಡಿ.”
ಹಿಡಿದೆ. ಹೆಚ್ಚಿನ ಬಟ್ಟೆ ಕತ್ತರಿಸಲಿಲ್ಲ;
ಮೈ ಮರಳಿ ಬರುವ ದಾರಿ ನನಗೆ ಗೊತ್ತು.
ಅವಳೂ ಕತ್ತರಿಸು ಅನ್ನಲಿಲ್ಲ.

ಹೋಗುವಾಗ ನನ್ನ ಸ್ಟೂಲು ನೋಡಿ ನಕ್ಕಳು:
“ನಿನ್ನ ಅಳತೆ ತೆಗೆಯುವವರು ಯಾರು?”

ಟೇಪು ಕೊರಳಲ್ಲೇ ಇತ್ತು.